ಬಾಗಿಲು ಮುಚ್ಚಿಸಿದ ರಸ್ತೆ

ಡಾಂಬರು ಕಾಯಿಸುವ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೋದ ತಿಂಗಳು ಕಡೂರಿನಲ್ಲಿ ಇಳಿದು ಯಗಟಿ ಬಸ್ಸಿಗೆ ಕಾಯುತ್ತಿದ್ದಾಗ ಅದೇ ವಾಸನೆ ಬಂತು. ರಸ್ತೆ ಪಕ್ಕದಲ್ಲಿ ಪೀಪಾಯಿ, ಪೀಪಾಯಿಯ ಕೆಳಗೆ ಬೆಂಕಿ, ಕಾಲಿಗೆ ಗೋಣಿ ಸುತ್ತಿಕೊಂಡು ಜಲ್ಲಿ ಹೊರುವ ಹೆಂಗಸರು. ಪಕ್ಕದಲ್ಲಿ ನಿಂತಿದ್ದವನೊಬ್ಬ, "ನಮ್ಮೂರೂ ಬೆಂಗಳೂರಿನಂಗೆ ಬೆಳೀತಾ ಐತೆ ಅಲ್ವೇನಮ್ಮಾ," ಅಂದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬೆಳೀಲಿ ಬಿಡಪ್ಪ, ಯಾರ ಮನೆ ಬಾಗಿಲು ಹೋಗ್ತದೋ ನೋಡ್ಕೋ," ಅಂದೆ. ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಂಡನೋ ಏನೋ, ಆಚೆ ಸರಿದು ನಿಂತ.

ತಲೆ ನೆಟ್ಟಗೇ ಇದೆ. ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ಬೆಂಗಳೂರಿನಲ್ಲಿ ಕಳೆದ ಒಂದು ಬೇಸಿಗೆ ನನ್ನ ತಲೆಯಿಂದ ಹೋಗಿಲ್ಲ, ಅಷ್ಟೇ.

ನಾನು ಯಗಟಿಯ ಹೆಣ್ಣು. ಎಪ್ಪತ್ತರ ದಶಕದ ನಡುವೆ ಮದುವೆಯಾಗಿ ಬೆಂಗಳೂರಿಗೆ ಹೋದೆ. ನಮ್ಮೆಜಮಾನರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸಕ್ಕೆ ಹತ್ತಿರವಾಗುತ್ತದೆಂದು ಊರು ಮುಗಿದು ರಾಗಿ ಹೊಲ ಶುರುವಾಗುವ ಕಡೆ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಿದ್ದರು. ಬೆಂಗಳೂರು ಅಂದರೆ ಏನು ಗ್ರಹಚಾರವೋ ಎಂದು ಹೆದರಿಕೊಂಡು ಹೋದವಳು ಆ ಬೀದಿ ನೋಡಿ, ಇದು ನಮ್ಮ ಯಗಟಿಯ ತಂಗಿ ಇದ್ದ ಹಾಗಿದೆಯಲ್ಲ ಅಂದುಕೊಂಡೆ. ತಿರುವಿನಲ್ಲಿ ದೊಡ್ಡ ಹುಣಸೆಮರ, ಅದರ ಎದುರು ರಾಗಿ ಬೀಸುವ ಮಿಲ್ಲು, ಮಿಲ್ಲಿನ ಮಗ್ಗುಲಿಗೆ ನಮ್ಮ ಮನೆ. ಮುಂದೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಗಲಿ, ಹಿಂದೆ ಸೇದುವ ಬಾವಿ. ಬೆಳಿಗ್ಗೆ ತೆಗೆದ ಬಾಗಿಲನ್ನು ಮಲಗುವಾಗಲೇ ಹಾಕುತ್ತಿದ್ದದ್ದು. ಬೀದಿ ತುಂಬ ಬಿಸಿ ಹಿಟ್ಟಿನ ವಾಸನೆ ಇರುತ್ತಿತ್ತು.

ನಮ್ಮ ಸೀಮೆಯಿಂದ ಬೆಂಗಳೂರಿಗೆ ಬಂದವರಿಗೆಲ್ಲ ಆ ಮನೆಯೇ ಛತ್ರ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಗಂಡು ನೋಡಲು ಬಂದವರು, ಸುಮ್ಮನೆ ಬೆಂಗಳೂರು ಹೆಂಗೈತೆ ನೋಡೋಣ ಅಂತ ಬಂದವರು. ಅಜ್ಜಂಪುರದವರು ಈರುಳ್ಳಿ ತರುತ್ತಿದ್ದರು, ತರೀಕೆರೆಯವರು ಬಾಳೆಗೊನೆ, ಯಗಟಿಯವರು ರಾಗಿ ಮತ್ತು ತೆಂಗಿನಕಾಯಿ. ಯಾರೂ ಮುಂಚೆ ತಿಳಿಸಿ ಬರುತ್ತಿರಲಿಲ್ಲ. ನಮ್ಮ ಕಡೆ ಕಾಗದ ಹಾಕಿ ಬರುವವನು ಹೊರಗಿನವನು. ಮನೆಯವನಾದರೆ ಹೇಳದೆ ಬರುತ್ತಾನೆ, ಕೈಕಾಲು ತೊಳೆಯುತ್ತಾನೆ, ತಾನೇ ಮಣೆ ಎಳೆದುಕೊಂಡು ಕೂರುತ್ತಾನೆ. ಒಮ್ಮೆ ನಮ್ಮೆಜಮಾನರು ಮೆಲ್ಲಗೆ, "ಮಾವ, ಒಂದು ಕಾರ್ಡು ಹಾಕಿದ್ರೆ ಸ್ಟೇಷನ್ನಿಗೆ ಬರ್ತಿದ್ನಲ್ಲ," ಅಂದರು. ಚನ್ನಪ್ಪ ಮಾವ ನಕ್ಕುಬಿಟ್ಟ. "ಯಾಕಪ್ಪಾ, ನಾನೇನು ಅಮಲ್ದಾರನಾ, ಕ್ಯಾಂಪಿಗೆ ಬತ್ತೀನಿ ಅಂತ ಮುಂಚೆ ತಿಳ್ಸಕ್ಕೆ?"

ಚನ್ನಪ್ಪ ಮಾವ ನನ್ನ ತಾಯಿಯ ಅಣ್ಣ. ಅಪ್ಪ ಹೋದ ಮೇಲೆ ಅಮ್ಮನನ್ನೂ ನನ್ನನ್ನೂ ತನ್ನ ಮನೆಗೆ ಕರೆತಂದು ಸಾಕಿದವನು ಅವನೇ. ಖುಷ್ಕಿ ಹೊಲ, ಕುರಿ ಮಂದೆ, ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಹೆಗಲ ಮೇಲೆ ಕಂಬಳಿ ಇಲ್ಲದೆ ನಾನು ಅವನನ್ನು ನೋಡಿದ್ದೇ ಇಲ್ಲ. ಒಮ್ಮೆ ಅವನು ನಮ್ಮಲ್ಲಿಗೆ ಬಂದಿದ್ದಾಗ ನನ್ನ ದೊಡ್ಡ ಮಗ ಬೀದಿ ಕಿಟಕಿಯ ಸರಳುಗಳ ನಡುವೆ ತಲೆ ತೂರಿಸಿಕೊಂಡು ಸಿಕ್ಕಿಹಾಕಿಕೊಂಡ. ಬೀದಿಯವರೆಲ್ಲ ಸೇರಿ ಆಳಿಗೊಂದು ಸಲಹೆ ಕೊಡುತ್ತಿದ್ದಾಗ ಮಾವ ಹಾರೆ ಹಾಕಿ ಮೀಟಿ ಸರಳನ್ನು ಬಿಲ್ಲಿನ ಹಾಗೆ ಬಗ್ಗಿಸಿ ಮಗುವನ್ನು ಬಿಡಿಸಿದ. ಮನೆ ಮಾಲೀಕ ಗೊಣಗಿದ್ದಕ್ಕೆ, "ನಿನ್ನ ಕಬ್ಬಿಣಕ್ಕಿಂತ ನಮ್ಮ ಕೂಸಿನ ತಲೆ ಗಟ್ಟಿ ಅಂದ್ಕಂಡಿದೀಯೇನಯ್ಯಾ," ಅಂದ. ಆ ಸರಳು ಆಮೇಲೂ ಹಾಗೇ ಬಗ್ಗಿಕೊಂಡೇ ಇತ್ತು.

ಮಾವನಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಜಾಲಿ ಮುಳ್ಳಿಗೆ ಹೋಗಿತ್ತು. ನಾನು ಹೇಳುತ್ತಿರುವ ವರ್ಷ ಇನ್ನೊಂದು ಕಣ್ಣೂ ಮಂಜಾಗತೊಡಗಿತು. ದೀಪದ ಸುತ್ತ ಕಾಮನಬಿಲ್ಲು ಕಾಣುತ್ತದೆ, ತಲೆ ಸಿಡಿಯುತ್ತದೆ ಅನ್ನುತ್ತಿದ್ದನಂತೆ. ಕಡೂರಿನ ಡಾಕ್ಟರು ನೋಡಿ, ಕಣ್ಣೊಳಗೆ ಒತ್ತಡ ಏರಿದೆ, ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಹೋಗಿ, ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೊಳ್ಳಬೇಕು ಅಂದರಂತೆ. ಶಿವರಾತ್ರಿಗೆ ಊರಿನಿಂದ ಬಂದವರ ಕೈಲಿ ಮಾವ ಹೇಳಿ ಕಳಿಸಿದ್ದ: ಯುಗಾದಿ ಕಳೀಲಿ, ಬತ್ತೀನಿ. ಜೊತೆಗೆ ಮಗ ಮಲ್ಲೇಶನನ್ನು ಕರೆದುಕೊಂಡು ಬಾ ಎಂದು ನಾನು ಹೇಳಿ ಕಳಿಸಿದ್ದಕ್ಕೆ, "ಬೀರೂರಲ್ಲಿ ರೈಲು ಹತ್ತಿಸಿಬಿಟ್ರೆ ಸಾಕು. ಬಸ್ಸಿಳಿದು ಹುಣಸೆಮರದ ನೆರಳು ಮೈಗೆ ಬಿದ್ದ ಕೂಡ್ಲೆ ಎಡಕ್ಕೆ ತಿರುಗೋದು, ಹಿಟ್ಟಿನ ವಾಸನೆ ಹಿಡ್ಕಂಡು ಹೋಗೋದು. ಗಿರಿಜಿ ಮನೆಗೆ ಹೋಗಕ್ಕೆ ಕಣ್ಣು ಯಾಕೆ ಬೇಕು," ಅಂದನಂತೆ.

ಅಷ್ಟರಲ್ಲಿ ಬೆಂಗಳೂರಿಗೆ ಬೆಳೆಯುವ ರೋಗ ಹಿಡಿದಿತ್ತು. ರಾಗಿ ಹೊಲಗಳಿಗೆ ಸುಣ್ಣದ ಗೆರೆ ಬಿತ್ತು, ಗೆರೆಗಳ ಮೇಲೆ ಕಲ್ಲು ನೆಟ್ಟರು, ನೋಡನೋಡುತ್ತ ಮನೆಗಳು ಎದ್ದವು. ಮೊದಲು ಮಿಲ್ಲು ಹೋಯಿತು. ಮಿಲ್ಲಿನವನು ಜಾಗ ಮಾರಿದ, ಅಲ್ಲಿ ಅಂಗಡಿಗಳ ಕಟ್ಟಡ ಬರುತ್ತದೆ ಅಂದರು. ರಾಗಿ ಬೀಸಿಸಲು ಡಬ್ಬ ಹೊತ್ತುಕೊಂಡು ಬಸ್ಸು ಹತ್ತುವ ಕಾಲ ಬಂತು. ಆಮೇಲೆ ರಸ್ತೆ ಅಗಲ ಮಾಡುವವರು ಸರಪಳಿ ಹಿಡಿದುಕೊಂಡು ಬಂದರು. ಹುಣಸೆಮರಕ್ಕೆ ಕೆಂಪು ಬಣ್ಣ ಬಳಿದಾಗ ನಾನು ಇಂಜಿನಿಯರನ್ನು ತಡೆದು ಕೇಳಿದೆ, "ಇದನ್ನ ಕಡಿದ್ರೆ ನಮ್ಮೂರೋರು ಮನೆ ಹೆಂಗ್ರೀ ಹುಡುಕ್ತಾರೆ?" ಆತ ನಕ್ಕ. "ಅಡ್ರೆಸ್ ಇರುತ್ತಲ್ಲಮ್ಮ, ನಂಬರು." ನಾನಂದೆ, "ನಮ್ಮೋರಿಗೆ ಮರಾನೇ ಅಡ್ರೆಸ್ಸು ಕಣ್ರೀ. ನಿಮ್ಮ ನಂಬರಿಗೆ ನೆರಳು ಐತಾ?" ಅವನ ಜೊತೆಗಿದ್ದವರೂ ನಕ್ಕರು. ನಗಲಿ, ಅವರಪ್ಪನ ಗಂಟೇನು ಹೋಗಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅಷ್ಟೇ ಆಯಿತು. ಬೆಳಿಗ್ಗೆ ಇದ್ದ ಮರ ಸಂಜೆಗೆ ಲಾರಿ ಹತ್ತಿ ಹೋಯಿತು.

ಮರ ಕಡಿದ ದಿನವೇ ನಮ್ಮೆಜಮಾನರು ಮಾವನಿಗೆ ಕಾರ್ಡು ಹಾಕಿದರು. ಮರವಿಲ್ಲ, ಮಿಲ್ಲಿಲ್ಲ, ಬರುವ ದಿನ ತಿಳಿಸಿ, ಸ್ಟೇಷನ್ನಿನಲ್ಲೇ ಇರಿ, ನಾನೇ ಬಂದು ಕರೆದುಕೊಂಡು ಬರುತ್ತೇನೆ ಎಂದು ಬರೆದರು. ಮಾವ ದಿನ ತಿಳಿಸುವ ಪೈಕಿಯೇ? ಉತ್ತರ ಬರಲಿಲ್ಲ.

ಆಮೇಲೆ ರಸ್ತೆ ಅಗಲವಾಗಿ ಅಗಲವಾಗಿ ನಮ್ಮ ಜಗಲಿಯನ್ನು ತಿಂದಿತು. ಮಣ್ಣು, ಜಲ್ಲಿ ಸುರಿದು ಸುರಿದು ರಸ್ತೆ ಹೊಸ್ತಿಲಿಗಿಂತ ಎತ್ತರವಾಯಿತು. ಬಾಗಿಲು ತೆಗೆದರೆ ಕಾಲಿಡುವುದು ಲಾರಿಯ ಚಕ್ರದ ಕೆಳಗೇ. ಮನೆ ಮಾಲೀಕ ಗಾರೆಯವನನ್ನು ಕರೆದುಕೊಂಡು ಬಂದು, "ಇನ್ನು ಈ ಬಾಗಿಲು ಬೇಡಮ್ಮ, ಇದಕ್ಕೆ ಇಟ್ಟಿಗೆ ಇಟ್ಟು ಮುಚ್ಚಿಸ್ತೀನಿ. ಹಿಂದಿನ ಗಲ್ಲಿ ಕಡೆ ಒಂದು ಬಾಗಿಲು ಒಡೆಸಿಕೊಡ್ತೀನಿ," ಅಂದ. ಹಿಂದಿನ ಬಾವಿಯನ್ನೂ ಅದೇ ವಾರ ಮಣ್ಣು ಹಾಕಿ ಮುಚ್ಚಿಸಿದ.

ನಾನು ಅವನ ಮೇಲೆ ಹರಿಹಾಯ್ದೆ. ನಮ್ಮ ಸೀಮೆಯಲ್ಲಿ ಇದ್ದ ಬಾಗಿಲಿಗೆ ಗೋಡೆ ಇಡುವುದು ಒಂದೇ ಕಾರಣಕ್ಕೆ. ಅಣ್ಣತಮ್ಮಂದಿರು ಬಡಿದಾಡಿ ಪಾಲಾದಾಗ, ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದಾದಾಗ, ಎರಡು ಮನೆ ನಡುವಿನ ಬಾಗಿಲಿಗೆ ಇಟ್ಟಿಗೆ ಇಡುತ್ತಾರೆ. ಅದಾದ ಮೇಲೆ ಸಾವಿಗೂ ಹೋಗುವುದಿಲ್ಲ, ಮದುವೆಗೂ ಹೋಗುವುದಿಲ್ಲ. ಬೀಗ ಹಾಕಿದರೆ ಒಂದು ದಿನ ತೆಗೆಯಬಹುದು, ಗೋಡೆ ಇಟ್ಟರೆ ಮುಗಿಯಿತು. ಇದನ್ನೆಲ್ಲ ಮಾಲೀಕನಿಗೆ ಹೇಳಿದೆ. "ಅಯ್ಯೋ ಗಿರಿಜಮ್ಮ, ಇದು ಬೆಂಗಳೂರು. ಇಲ್ಲಿ ಬಾಗಿಲು ಬಾಗಿಲು ಅಷ್ಟೇ," ಅಂದ. ಯುಗಾದಿಗೆ ಮಾವಿನೆಲೆ ತೋರಣ ಕಟ್ಟಲು ಮುಂಬಾಗಿಲೇ ಇರಲಿಲ್ಲ. ಹಿಂದಿನ ಗಲ್ಲಿಯ ಕಿರುಬಾಗಿಲಿಗೆ ಕಟ್ಟಿ, ಬೇವುಬೆಲ್ಲ ತಿಂದೆವು.

ಆ ಬೇಸಿಗೆಯಲ್ಲಿ ನಮ್ಮ ಬದುಕೇ ಬೇರೆಯಾಯಿತು. ನೀರಿಗೆ ನಲ್ಲಿಯ ಮುಂದೆ ಕೊಡ ಸಾಲಿಡಬೇಕು, ನಲ್ಲಿ ಅದರ ಮನಸ್ಸು ಬಂದಾಗ ಬರುತ್ತದೆ. ಧೂಳಿಗೆ ಹೆದರಿ ಬೀದಿ ಕಿಟಕಿಯ ಕದಗಳನ್ನು ಹಗಲೆಲ್ಲ ಹಾಕಿಯೇ ಇಟ್ಟೆ. ಸಂಜೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತ ಮಾತಾಡುತ್ತಿದ್ದ ಹೆಂಗಸರಲ್ಲಿ ಒಬ್ಬೊಬ್ಬರೇ ಮನೆ ಬಿಟ್ಟು ಹೋದರು. ಅವರ ಜಾಗಕ್ಕೆ ಗೇಟಿನ ಮನೆಗಳು ಬಂದವು, ಗೇಟಿಗೆ ನಾಯಿಗಳು ಬಂದವು. ಗಿರಿಜಮ್ಮನ ಮನೆ ಯಾವುದು ಎಂದು ಕೇಳಿದರೆ ಹೇಳುವವರು ಬೀದಿಯಲ್ಲಿ ಉಳಿಯಲಿಲ್ಲ. ನಾವು ಒಂದು ಗೇಣು ಅಲುಗದೆ ಅಲ್ಲೇ ಇದ್ದೆವು, ನಮ್ಮ ಸುತ್ತಲಿನ ಊರೇ ಎದ್ದು ಹೋಯಿತು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ನಾನು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದೆ. ಹೊರಗೆ ರೋಡ್ ರೋಲರ್ ಮನೆಯನ್ನೇ ನಡುಗಿಸುತ್ತ ಓಡಾಡುತ್ತಿತ್ತು. ಅದರ ನಡುವೆ ಮುಂದಿನ ಗೋಡೆಗೆ ಯಾರೋ ಕುಟ್ಟಿದ ಸದ್ದಾಯಿತು. ಎರಡು ಸಲ ಕುಟ್ಟಿ, ಸ್ವಲ್ಪ ತಡೆದು, ಮತ್ತೆ ಒಂದು ಸಲ. ರಸ್ತೆ ಕೆಲಸದವರು ಗುದ್ದಲಿ ಒರಗಿಸುತ್ತಿದ್ದಾರೆ ಅಂದುಕೊಂಡು, "ಯಾರಯ್ಯಾ ಅದು, ಜಗಲಿ ತಿಂದಿದ್ದು ಸಾಲ್ದಾ, ಗೋಡೆನೂ ಬೇಕಾ," ಎಂದು ಒಳಗಿನಿಂದಲೇ ಬೈದೆ. ರೋಲರ್ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಮಾವ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಕಾದೆ. ಚೈತ್ರ ಕಳೆಯಿತು, ವೈಶಾಖವೂ ಕಳೆಯಿತು. ಮತ್ತೆ ಹಾಕಿದ ಕಾರ್ಡಿಗೂ ಉತ್ತರವಿಲ್ಲ. ಕಡೂರಿನಲ್ಲೇ ಗುಣವಾಗಿರಬೇಕು, ಇಲ್ಲವಾದರೆ ಬಾರದೆ ಇರುತ್ತಾನೆಯೇ ಎಂದರು ನಮ್ಮೆಜಮಾನರು. ಕೊನೆಗೆ ಮುಂಗಾರು ಹತ್ತಿರವಾದಾಗ ಬೀರೂರಿನ ಓಂಕಾರಪ್ಪ ಕಾರ್ಖಾನೆಯ ಗೇಟಿಗೆ ಹೋಗಿ ಇವರನ್ನು ಹಿಡಿದ. ಅವನು ರೈಲ್ವೆಯಲ್ಲಿ ಕೆಲಸದಲ್ಲಿದ್ದವನು, ದೂರದ ನೆಂಟ. ಮನೆಗೆ ಕರೆದರೆ ಬರಲಿಲ್ಲ. ಗೇಟಿನಲ್ಲೇ ನಿಂತು, "ಅಲ್ರೀ, ಸಾಕಿದ ಮಾವ ಕಣ್ಣು ತೋರ್ಸಕ್ಕೆ ಅಂತ ಬಂದ್ರೆ ಬಾಗಿಲಿಗೆ ಗೋಡೆ ಇಟ್ಬಿಟ್ರಂತೆ. ಬ್ಯಾಡಾಗಿದ್ರೆ ಬಾಯಲ್ಲಿ ಹೇಳ್ಬೋದಿತ್ತು," ಎಂದು ಹೇಳಿ ಹೊರಟುಹೋದನಂತೆ. ಇವರು ಶಿಫ್ಟು ಬಿಟ್ಟು ಓಡಿಬಂದು ನನಗೆ ಹೇಳಿದರು. ಉಟ್ಟ ಸೀರೆಯಲ್ಲೇ ನಾನು ರೈಲು ಹತ್ತಿದೆ.

ಬೀರೂರಿನಲ್ಲಿ ಇಳಿದು, ಕಡೂರಿನಲ್ಲಿ ಬಸ್ಸು ಬದಲಿಸಿ ಯಗಟಿ ಮುಟ್ಟಿದೆ. ಮಾವ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತು ಉಣ್ಣೆಯ ಹುರಿ ಹೊಸೆಯುತ್ತಿದ್ದ. ನಾನು ಎದುರಿಗೆ ನಿಂತರೂ ಮುಖ ಎತ್ತಲಿಲ್ಲ. ಕಣ್ಣು ಪೂರ್ತಿ ಹೋಗಿದೆ ಎಂದು ಆಗಲೇ ನನಗೆ ಗೊತ್ತಾಯಿತು.

"ಮಾವ," ಅಂದೆ.

ಹೊಸೆಯುತ್ತಿದ್ದ ಕೈ ನಿಂತಿತು. "ಯಾರದು?"

"ನಾನು ಗಿರಿಜಾ."

"ಯಾವ ಗಿರಿಜಾ? ನಮ್ಮ ಗಿರಿಜಿ ಮನೆಗೆ ಬಾಗ್ಲಿತ್ತು."

ಅಳು ಬರಬೇಕಿತ್ತು, ನನಗೆ ಬಂದದ್ದು ಸಿಟ್ಟು. "ಯಾರನ್ನೂ ಕೇಳ್ದೆ ವಾಪಸ್ ಬಂದ್ಬಿಟ್ಟಿದೀಯಲ್ಲ ಮಾವ, ಗಲ್ಲಿ ಸುತ್ತಿ ಬರಬಾರದಾಗಿತ್ತಾ? ಅಷ್ಟು ದೂರ ಬಂದೋನಿಗೆ ಹತ್ತು ಹೆಜ್ಜೆ ಹೆಚ್ಚಾಯ್ತಾ?" ಎಂದು ಕೂಗಿದೆ. ಮಲ್ಲೇಶ ಒಳಗಿನಿಂದ ಬಂದವನು ಕಂಬದ ಹತ್ತಿರವೇ ನಿಂತ. ಅಪ್ಪನ ಅಪ್ಪಣೆಯ ಮೇರೆಗೆ ಬೇಸಿಗೆಯೆಲ್ಲ ಆ ಮನೆಯಲ್ಲಿ ನನ್ನ ಹೆಸರು ಎತ್ತಿರಲಿಲ್ಲವಂತೆ. ಬೆಂಗಳೂರಿನಿಂದ ವಾಪಸ್ ಬಂದ ಮೇಲೆ ತಲುಪಿದ ನಮ್ಮ ಕಾರ್ಡನ್ನು ಓದಿಸಿಕೊಳ್ಳದೆ ಒಲೆಗೆ ಹಾಕಿಸಿದ್ದನಂತೆ.

ಮಾವ ದನಿ ಏರಿಸದೆ ಹೇಳಿದ. "ಮರ ಇಲ್ಲ ಅಂತ ನಿನ್ನ ಗಂಡ ಮೊದ್ಲೇ ಬರ್ದಿದ್ದ. ಇಲ್ದಿದ್ರೆ ಇಲ್ದಂಗಿರ್ಲಿ, ಕೇಳ್ಕಂಡು ಹೋಗ್ತೀನಿ ಅಂತ ಬಂದೆ. ಯಾರನ್ನ ಕೇಳಿದ್ರೂ ನಂಬರು ನಂಬರು ಅಂತಾರೆ. ಒಬ್ಬಳು ಗೇಟಿನೊಳಗಿಂದ್ಲೇ ಮುಂದಕ್ಕೆ ಹೋಗಪ್ಪ ಅಂದ್ಲು, ಭಿಕ್ಷೆಯೋನು ಅಂದ್ಕಂಡು. ಬೆಳಗಿಂದ ಗೋಡೆ ಸವರ್ಕಂತ ತಿರುಗ್ದೆ. ಬಿಸ್ಲು ನೆತ್ತಿಗೆ ಬಂದಾಗ ಒಂದು ಕಿಟಕಿ ಕೈಗೆ ಸಿಕ್ತು. ಸರಳು ಬಗ್ಗಿತ್ತು. ನಾನು ಬಗ್ಸಿದ ಸರಳು ನನಗೆ ಗೊತ್ತಾಗಲ್ವೇನೇ? ಸಿಕ್ತು ಶಿವನೇ ಅಂದ್ಕಂಡು ಪಕ್ಕದಾಗೆ ಬಾಗಿಲಿಗೆ ಕೈ ಇಟ್ಟೆ. ಗೋಡೆ. ಗಾರೆ ಇನ್ನೂ ಹಸಿ ಇತ್ತು ಕಣೇ. ನಾನು ಬತ್ತೀನಿ ಅಂತ ಹೇಳಿ ಕಳ್ಸಿದ ಮ್ಯಾಲೆ ಇಟ್ಟ ಗೋಡೆ."

ನಾನು ಎಲ್ಲ ಹೇಳಿದೆ. ರಸ್ತೆ ಏರಿದ್ದು, ಜಗಲಿ ಹೋದದ್ದು, ಮಾಲೀಕ ಇಟ್ಟಿಗೆ ಇಡಿಸಿದ್ದು. ಕುಲದೇವರ ಮೇಲೆ ಆಣೆ ಇಟ್ಟೆ. ಮಾವ ತಲೆ ಅಲ್ಲಾಡಿಸಿದ. "ರಸ್ತೆ ಮಾಡೋದು ಬಾಗಿಲಿಗೆ ಬರಾಕೆ ಅಲ್ವೇನೇ? ಬಾಗಿಲು ಮುಚ್ಚಿಸೋ ರಸ್ತೆ ಯಾವುದೇ ಅದು? ಯಾವ ಮುಂಡೇಮಗ ಮಾಡಿದ ಅದನ್ನ?"

ಇವತ್ತಿನವರೆಗೂ ಯಾವ ಇಂಜಿನಿಯರೂ ಇದಕ್ಕೆ ಉತ್ತರ ಕೊಟ್ಟಿಲ್ಲ. ಪೇಪರಿನಲ್ಲಿ ನಗರದ ಬೆಳವಣಿಗೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಾಗಲೆಲ್ಲ ನಾನು ಮಾವನ ಮಾತನ್ನು ನೆನೆಯುತ್ತೇನೆ. ಎಷ್ಟು ಬಾಗಿಲು ಮುಚ್ಚಿಸಿ ಎಷ್ಟು ರಸ್ತೆ ಮಾಡಿದಿರಿ ಎಂದು ಒಬ್ಬನೂ ಬರೆಯುವುದಿಲ್ಲ. ಕಾರಿನಲ್ಲಿ ಹೋಗುವವನಿಗೆ ದಾರಿ ಅಗಲವಾಯಿತು, ನಡೆದು ಬಂದವನಿಗೆ ಊರೇ ಗೋಡೆಯಾಯಿತು. ಅವತ್ತು ಕೊನೆಗೆ ನಾನು, "ನಂಬಬ್ಯಾಡ ಮಾವ. ಬಾ, ನನ್ನ ಜೊತೆ ಬಂದು ಮುಟ್ಟಿ ನೋಡು. ಸುಳ್ಳಾಗಿದ್ರೆ ಅಲ್ಲೇ ನನ್ನ ಕೆನ್ನೆಗೆ ಬಾರ್ಸು," ಅಂದೆ. ಮಲ್ಲೇಶನೂ ನಾನೂ ಎರಡು ಕೈ ಹಿಡಿದು ಬಸ್ಸು ಹತ್ತಿಸಿದೆವು.

ಬೆಂಗಳೂರಿನಲ್ಲಿ ಮೊದಲು ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಮತ್ತೆ ನೋಡಿ, ದೀಪ ಆರಿಸಿದರು. "ಬೇಸಿಗೆ ಶುರುವಿನಲ್ಲೇ ಬಂದಿದ್ದರೆ ಸ್ವಲ್ಪವಾದರೂ ಉಳಿಸಬಹುದಿತ್ತು. ಬೆಂಗಳೂರಿನಲ್ಲೇ ಮನೆ ಇಟ್ಟುಕೊಂಡು ಯಾಕಮ್ಮ ಇಷ್ಟು ತಡ ಮಾಡಿದಿರಿ?" ಬಂದಿದ್ದರು ಸ್ವಾಮಿ, ಬೇಸಿಗೆ ಶುರುವಿನಲ್ಲೇ ಬಂದಿದ್ದರು, ನಿಮ್ಮ ಊರು ಅವರನ್ನು ಒಳಗೆ ಬಿಡಲಿಲ್ಲ ಎಂದು ಕಿರುಚಬೇಕೆನಿಸಿತು. ಆ ಮನುಷ್ಯನ ತಪ್ಪೇನೂ ಇರಲಿಲ್ಲ. ಮಾವನೇ, "ಕೋಪದಾಗೆ ಕೊಯ್ದ ಮೂಗು ಆಮ್ಯಾಲೆ ಬತ್ತದಾ ಡಾಕ್ಟ್ರೇ, ಹೋಗ್ಲಿ ಬಿಡಿ," ಅಂದ.

ಹಿಂದಿನ ಗಲ್ಲಿಯಿಂದ, ಕಿರುಬಾಗಿಲಿನಲ್ಲಿ ತಲೆ ಬಗ್ಗಿಸಿ ಮಾವ ಮನೆಯೊಳಗೆ ಬಂದ. ಕೂರಲಿಲ್ಲ. "ಆ ಗೋಡೆ ತೋರ್ಸು," ಅಂದ. ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಅವನ ಕೈಯನ್ನು ಹೊಸ ಗಾರೆಯ ಮೇಲೆ ಇಟ್ಟೆ. ಹಳೆಯ ಬಾಗಿಲಿನ ಚೌಕಟ್ಟು ಎಲ್ಲಿಂದ ಎಲ್ಲಿವರೆಗೆ ಇತ್ತು ಎಂದು ಅವನ ಬೆರಳುಗಳು ನಿಧಾನವಾಗಿ ಹುಡುಕಿದವು. ಹೊರಗೆ ಲಾರಿಯೊಂದು ಹೋಯಿತು, ಗೋಡೆ ಅವನ ಅಂಗೈಯ ಕೆಳಗೇ ನಡುಗಿತು. ಆಗ ಅವನಿಗೆ ನಂಬಿಕೆ ಬಂತು. ಮುಖ ಸಡಿಲವಾಯಿತು.

"ಇಲ್ಲೇ ಕಣೇ ನಾನು ತಟ್ಟಿದ್ದು," ಎಂದು ಕೋಲಿನ ತುದಿಯಿಂದ ಗೋಡೆಗೆ ತಟ್ಟಿ ತೋರಿಸಿದ. ಎರಡು ಸಲ ತಟ್ಟಿ, ಸ್ವಲ್ಪ ತಡೆದು, ಮತ್ತೆ ಒಂದು ಸಲ.

ಆ ಸದ್ದು ನನಗೆ ಗೊತ್ತಿತ್ತು. "ನಾನು ಒಳಗೇ ಇದ್ದೆ ಮಾವ. ಮುದ್ದೆ ತೊಳಸ್ತಿದ್ದೆ."

ಮಾವ ಗೋಡೆಯಿಂದ ಕೈ ತೆಗೆಯಲಿಲ್ಲ. "ಗೊತ್ತು," ಅಂದ. "ಮುದ್ದೆ ವಾಸನೆ ಬತ್ತಿತ್ತು. ಮನೆ ಮಂದಿಗೆಲ್ಲ ಉಣ್ಣಾಕೆ ಮಾಡ್ತಾವ್ಳೆ, ನನ್ನ ಮಾತ್ರ ಬ್ಯಾಡ ಅಂದ್ಲಲ್ಲ ಅಂತ ಸಂಕಟ ಆಯ್ತು."

ಮಾವ ಆಮೇಲೂ ಬಹಳ ವರ್ಷ ಬದುಕಿದ, ಕತ್ತಲೆಯಲ್ಲೇ. ಯಗಟಿಯ ಒಂದೊಂದು ಬಾಗಿಲೂ ಅವನಿಗೆ ಗೊತ್ತಿತ್ತು, ಯಾರ ಕೈಯನ್ನೂ ಹಿಡಿಯದೆ ಊರೆಲ್ಲ ತಿರುಗುತ್ತಿದ್ದ. ಬೆಂಗಳೂರಿಗೆ ಮಾತ್ರ ಮತ್ತೆ ಬರಲಿಲ್ಲ. ನಾನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಆ ಊರಿಗೆ ಬಾ ಅನ್ನಲಿ? ನಾನೇ ಯಗಟಿಗೆ ಹೋಗಿ ಬರುತ್ತಿದ್ದೆ. ಈಗ ಆ ಜಗಲಿಯಲ್ಲಿ ಮಾವನಿಲ್ಲ, ಅವನ ಜಾಗದಲ್ಲಿ ಮಲ್ಲೇಶ ಕೂರುತ್ತಾನೆ.

ಹೋದ ತಿಂಗಳು ಆ ಡಾಂಬರಿನ ವಾಸನೆ ಮೂಗಿನಲ್ಲಿಟ್ಟುಕೊಂಡೇ ಯಗಟಿಯಲ್ಲಿ ಇಳಿದೆ. ಮಲ್ಲೇಶ ಜಗಲಿಯ ಮೇಲೆ ಕೂತಿದ್ದವನು ನನ್ನನ್ನು ಕಂಡು ಎದ್ದ. ಅವನ ಬೆನ್ನ ಹಿಂದೆ, ಮುಂಬಾಗಿಲಿನ ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಕಾಣಿಸಿತು. ಹುಣಸೆಮರಕ್ಕೆ ಬಳಿದಿದ್ದ ಅದೇ ಕೆಂಪು.

"ಇದೇನೋ ಇದು?"

"ರಸ್ತೆ ಅಗಲ ಮಾಡ್ತಾರಂತಕ್ಕ. ಜಗಲಿ ಹೋಯ್ತದೆ. ಈ ಬಾಗ್ಲು ಮುಚ್ಚಿಸಿ ಪಕ್ಕದ ಓಣಿಗೆ ಒಂದು ಬಾಗ್ಲು ಇಡಿಸ್ತೀನಿ. ಏನ್ಮಾಡಾದು, ಊರು ಬೆಳೀಬೇಕಲ್ಲ."

ಮೈಯೆಲ್ಲ ಉರಿದುಹೋಯಿತು. "ನೆಂಟರಿಗೆಲ್ಲ ಹೇಳಿ ಕಳ್ಸಿದೀಯೇನೋ?" ಎಂದು ಕೇಳಿದೆ.

ಮಲ್ಲೇಶ ನಕ್ಕ. "ಎಲ್ರತ್ರನೂ ಫೋನ್ ಐತಲ್ಲಕ್ಕ, ಬರಾಕೆ ಮುಂಚೆ ಮಾಡ್ತಾರೆ. ಈಗ ಹೇಳ್ದೆ ಕೇಳ್ದೆ ಬರೋರು ಯಾರವ್ರೆ?"

"ನಾನು ಬಂದಿದೀನಲ್ಲೋ," ಅಂದೆ.